ಕಣ್ಣು, ಕಿವಿ ಮತ್ತು ‘ಕ್ಯಾನ್’

ನಾನು ಹಳ್ಳಿಯೊಂದರ ಪ್ರೌಢಶಾಲೆಗೆ ಕನ್ನಡ ಉಪಾಧ್ಯಾಯನಾಗಿ ಸೇರಿದ ಹೊಸತು, 1986ನೆಯ ಇಸವಿ. ಇಂಗ್ಲಿಷ್ ಉಪಾಧ್ಯಾಯರ ಸ್ಥಾನ ಎರಡು ವರ್ಷಗಳಿಂದ ತೆರವಾಗಿಯೇ ಇದ್ದುದರಿಂದ ಆ ಪಾಠವನ್ನು ಹೇಳುವ ಹೊಣೆಯೂ ನನ್ನ ಪಾಲಿಗೆ ಬಂದಿತ್ತು. ಹೀಗಾಗಿ ಊರಿನವರ ದೃಷ್ಟಿಯಲ್ಲಿ ನಾನು ಇಂಗ್ಲಿಷ್ ಬಲ್ಲವನು. ಆ ಬೇಸಗೆಯಲ್ಲಿ ನಮ್ಮ ಶಾಲೆಯ ಕಟ್ಟಡದಲ್ಲಿಯೇ ನೇತ್ರಚಿಕಿತ್ಸೆಯ ಶಿಬಿರವೊಂದು ನಡೆಯಿತು. ಬಂದಿದ್ದ ವೈದ್ಯರಲ್ಲಿ ಒಬ್ಬರು ಪರದೇಶದವರು. ಕನ್ನಡ ಅವರಿಗೆ ಬಾರದು. ಅವರ ಪಕ್ಕದಲ್ಲಿ ನಿಂತು ಅವರ ಮಾತನ್ನು ರೋಗಿಗಳಿಗೂ ರೋಗಿಗಳ ಮಾತನ್ನು ಅವರಿಗೂ ತಿಳಿಸುವ ಕೆಲಸ ನನ್ನದಾಯಿತು. ಆ ಕೆಲಸ ದೊರೆತುದಕ್ಕೆ ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತೆಂಬುದನ್ನು ಮುಚ್ಚಿಡಲಾರೆ.

ಸಾಲಿನಲ್ಲಿ ಒಬ್ಬ ಅಜ್ಜಿ ಬಂದು ಕುಳಿತರು. ವಯಸ್ಸು ಎಪ್ಪತ್ತು ದಾಟಿರಬೇಕು. ಎರಡು ಕಣ್ಣಿಗೂ ಪೊರೆ ಬಂದಿತ್ತು. ವೈದ್ಯರು ಮೂರು ಬೆರಳುಗಳನ್ನು ಎತ್ತಿ ಹಿಡಿದು, ‘ಕ್ಯಾನ್ ಯು ಸೀ ಮೈ ಫಿಂಗರ್ಸ್?’ ಎಂದರು. ನಾನು ಪದಕ್ಕೆ ಪದವಿಟ್ಟು, “ಅಜ್ಜೀ, ಇವರ ಬೆರಳುಗಳನ್ನು ನೀವು ನೋಡಬಲ್ಲಿರಾ?” ಎಂದು ಕೇಳಿದೆ. ಅಜ್ಜಿ ದನಿ ಬಂದ ಕಡೆಗೆ ಮುಖ ತಿರುಗಿಸಿ, “ನೋಡ್ತೀನಪ್ಪಾ, ನೋಡು ಅಂದ್ರೆ ಯಾಕೆ ನೋಡಲ್ಲ?” ಎಂದರು. ನಾನು ‘ಯೆಸ್’ ಎಂದೆ. ಬೆರಳು ಎಷ್ಟೆಂದು ವೈದ್ಯರು ಮುಂದೆ ಕೇಳುತ್ತಿದ್ದರೋ ಏನೋ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಯಾರೋ ಅವರನ್ನು ಕರೆದರು. ನನ್ನ ‘ಯೆಸ್’ ಅನ್ನೇ ನಂಬಿ ಅವರು ಚೀಟಿಯಲ್ಲಿ ಏನನ್ನೋ ಬರೆದು ಎದ್ದುಹೋದರು. ಅಜ್ಜಿಯ ಹೆಸರು ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ತಪ್ಪಿಹೋಗಲು ಅಷ್ಟು ಸಾಕಾಗಿತ್ತು.

ಅಲ್ಲಿ ಚೀಟಿ ಹಂಚುತ್ತಿದ್ದ ವಯಸ್ಸಾದ ಪರಿಚಾರಕರೊಬ್ಬರು ನಮ್ಮ ಮಾತುಕತೆಯನ್ನು ಕೇಳಿಸಿಕೊಂಡಿದ್ದರು. ಇಂಗ್ಲಿಷ್ ಶಾಲೆಯ ಮೆಟ್ಟಿಲನ್ನು ಅವರು ಹತ್ತಿದವರಲ್ಲ. ಅವರು ಬಂದು ತಾವೂ ಮೂರು ಬೆರಳು ಹಿಡಿದು, “ಅಜ್ಜಿ, ಬೆರಳು ಕಾಣಿಸ್ತದಾ?” ಎಂದರು. ಅಜ್ಜಿ ಕೂಡಲೇ, “ಇಲ್ಲಪ್ಪಾ, ಬರೀ ಬೆಳಕು ಕಾಣಿಸ್ತದೆ” ಎಂದರು. ನಾನು ಓಡಿಹೋಗಿ ವೈದ್ಯರಿಗೆ ತಿಳಿಸಿ ಚೀಟಿಯನ್ನು ತಿದ್ದಿಸಿದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ವೈದ್ಯರ ಪ್ರಶ್ನೆಯಲ್ಲಿಯೂ ತಪ್ಪಿರಲಿಲ್ಲ. ತಪ್ಪು ಇದ್ದುದು ನಡುವೆ ನಿಂತ ನನ್ನಲ್ಲಿ. ಆ ತಪ್ಪು ಏನೆಂಬುದನ್ನು ವಿಚಾರಿಸುತ್ತ ಹೋದಾಗ, ಇಂಗ್ಲಿಷಿನ ‘ಕ್ಯಾನ್’ ಎಂಬ ಪುಟ್ಟ ಪದವು ಕಣ್ಣು ಕಿವಿಗಳ ವಿಷಯದಲ್ಲಿ ಮಾಡುವ ಕೆಲಸ ಬೇರೆ ಕಡೆ ಮಾಡುವ ಕೆಲಸದಂತಲ್ಲ ಎಂಬುದು ನನಗೆ ತಿಳಿಯಿತು.

ಮೊದಲು ‘ನೋಡು’ ಮತ್ತು ‘ಕಾಣು’ ಎಂಬ ನಮ್ಮ ಎರಡು ಕ್ರಿಯಾಪದಗಳನ್ನು ತೆಗೆದುಕೊಳ್ಳೋಣ. ನೋಡುವುದು ನಾವು ಮಾಡುವ ಕೆಲಸ. ಬೇಕೆಂದರೆ ನೋಡುತ್ತೇವೆ, ಬೇಡವೆಂದರೆ ಮುಖ ತಿರುಗಿಸುತ್ತೇವೆ. ಕಾಣುವುದು ಹಾಗಲ್ಲ. ಕಣ್ಣು ತೆರೆದಿದ್ದು, ಬೆಳಕು ಇದ್ದು, ಎದುರಿಗೆ ಬೆಟ್ಟವಿದ್ದರೆ ಬೆಟ್ಟ ಕಾಣುತ್ತದೆ. ನಾವು ಒಪ್ಪಿದರೂ ಕಾಣುತ್ತದೆ, ಒಪ್ಪದಿದ್ದರೂ ಕಾಣುತ್ತದೆ. ಆದ್ದರಿಂದಲೇ “ನೋಡಿದೆ, ಆದರೆ ಕಾಣಲಿಲ್ಲ” ಎಂದರೆ ನಮ್ಮಲ್ಲಿ ಅರ್ಥವಿರುವ ಮಾತು. ಕಿವಿಯ ವಿಷಯದಲ್ಲಿ ‘ಕೇಳು’ ಮತ್ತು ‘ಕೇಳಿಸು’ ಎಂಬ ಜೋಡಿ ಇದೆ. (ಕನ್ನಡದ ‘ಕೇಳು’ ಪ್ರಶ್ನೆ ಮಾಡುವುದಕ್ಕೂ ಬರುತ್ತದೆ, ಕಿವಿಗೊಡುವುದಕ್ಕೂ ಬರುತ್ತದೆ, ಒಂದೇ ಪದಕ್ಕೆ ಇಷ್ಟು ಹೊರೆ ಏಕೆ ಬಿತ್ತೋ!) ಇಂಗ್ಲಿಷಿನಲ್ಲಿಯೂ ಈ ಭೇದ ಉಂಟು. ‘ಲುಕ್’ ಎಂದರೆ ನೋಡು, ‘ಸೀ’ ಎಂದರೆ ಕಾಣು. ‘ಲಿಸನ್’ ಎಂದರೆ ಕಿವಿಗೊಡು, ‘ಹಿಯರ್’ ಎಂದರೆ ಕೇಳಿಸು. ಶಿಬಿರದಲ್ಲಿ ವೈದ್ಯರು ಕೇಳಿದ್ದು ‘ಸೀ’. ನಾನು ಅಜ್ಜಿಯನ್ನು ಕೇಳಿದ್ದು ‘ಲುಕ್’. ನೋಡಲು ಅಜ್ಜಿಯ ಅಭ್ಯಂತರವೇನೂ ಇರಲಿಲ್ಲ. ಪಾಪ, ನೋಡಿಯೂ ನೋಡಿದರು.

ಇದು ನನ್ನ ಮೊದಲನೆಯ ತಪ್ಪು. ಎರಡನೆಯದು ‘ಕ್ಯಾನ್’ ಪದಕ್ಕೆ ಸಂಬಂಧಿಸಿದ್ದು. ‘ಕ್ಯಾನ್’ ಎಂದರೆ ಶಕ್ತಿಯನ್ನು ತಿಳಿಸುವ ಸಹಾಯಕ ಕ್ರಿಯಾಪದ, ಕನ್ನಡದಲ್ಲಿ ‘ಬಲ್ಲೆ’ ಎಂದು ಹೇಳಬೇಕು—ಹೀಗೆಂದು ನಾವೆಲ್ಲರೂ ಕಲಿತಿದ್ದೇವೆ. ‘ಐ ಕ್ಯಾನ್ ಸ್ವಿಮ್’ ಎಂದರೆ ನಾನು ಈಜಬಲ್ಲೆ. ಇದನ್ನು ಹೇಳುತ್ತಿರುವವನು ಆ ಹೊತ್ತಿನಲ್ಲಿ ಈಜುತ್ತಿರಬೇಕೆಂದೇನೂ ಇಲ್ಲ. ಜಗಲಿಯ ಮೇಲೆ ಕುಳಿತು ಹುರಿಗಾಳು ತಿನ್ನುತ್ತಿರಬಹುದು. ಈಗ ‘ಐ ಕ್ಯಾನ್ ಸೀ ಎ ಸ್ನೇಕ್’ ಎಂಬ ವಾಕ್ಯವನ್ನು ನೋಡಿ. ಹಿತ್ತಲಲ್ಲಿ ನಿಂತ ಗೆಳೆಯನೊಬ್ಬ ಹೀಗೆ ಕೂಗಿದರೆ, ಹಾವನ್ನು ಕಾಣುವ ಸಾಮರ್ಥ್ಯ ತನಗಿದೆಯೆಂದು ಅವನು ಹೆಮ್ಮೆ ಪಡುತ್ತಿದ್ದಾನೆಂದು ಯಾರೂ ತಿಳಿಯುವುದಿಲ್ಲ. ಹಾವು ಅಲ್ಲಿದೆ, ಈ ಕ್ಷಣದಲ್ಲಿಯೇ ಅವನ ಕಣ್ಣಿಗೆ ಬೀಳುತ್ತಿದೆ ಎಂದೇ ಅರ್ಥ. ಕನ್ನಡದಲ್ಲಿ ಅದು “ಹಾವು ಕಾಣಿಸುತ್ತಿದೆ” ಎಂದಾಗುತ್ತದೆ. “ನಾನು ಹಾವನ್ನು ಕಾಣಬಲ್ಲೆ” ಎಂದು ಕೂಗಿದರೆ ಕೇಳಿದವರು ಓಡುವ ಬದಲು ನಿಂತು ಯೋಚಿಸಿಯಾರು.

ಹೀಗೇಕೆ? ಇದರ ಕಾರಣ ಪದದಲ್ಲಿಲ್ಲ, ಕೆಲಸದ ಸ್ವಭಾವದಲ್ಲಿದೆ. ಅಂಗಳದಲ್ಲಿ ಒಂದು ಕಲ್ಲು ಬಿದ್ದಿದೆ ಎಂದಿಟ್ಟುಕೊಳ್ಳೋಣ. ಅದನ್ನು ಎತ್ತುವ ಶಕ್ತಿ ನಿಮಗಿದೆ. ಆದರೆ ಶಕ್ತಿ ಇದ್ದ ಮಾತ್ರಕ್ಕೆ ಕಲ್ಲು ಮೇಲೇಳುವುದಿಲ್ಲ. ನೀವು ಮನಸ್ಸು ಮಾಡಿ ಬಗ್ಗಿ ಎತ್ತಬೇಕು. ಶಕ್ತಿಗೂ ಕೆಲಸಕ್ಕೂ ನಡುವೆ ಹೀಗೆ ಒಂದು ಅಂತರವಿದೆ. ಅದೇ ಕಲ್ಲನ್ನು ಕಾಣುವ ವಿಷಯದಲ್ಲಿ ಆ ಅಂತರವೇ ಇಲ್ಲ. ಕಲ್ಲು ಎದುರಿಗಿದೆ, ಬೆಳಕಿದೆ, ಕಣ್ಣು ಅತ್ತ ತಿರುಗಿದೆ; ಇಷ್ಟಾದರೆ ಕಾಣುವ ಶಕ್ತಿಯೂ ಕಾಣುವುದೂ ಒಂದೇ. ಕಾಣಬಲ್ಲೆನಾದರೂ ಈಗ ಕಾಣುತ್ತಿಲ್ಲ ಎಂದು ಹೇಳಲು ಅಲ್ಲಿ ಎಡೆಯೇ ಇಲ್ಲ. ಆದುದರಿಂದ ಇಂಗ್ಲಿಷಿನವರು ‘ಕ್ಯಾನ್ ಸೀ’ ಎಂದು ಶಕ್ತಿಯನ್ನು ಹೆಸರಿಸಿ ಕಾರ್ಯವನ್ನೇ ತಿಳಿಸಿಬಿಡುತ್ತಾರೆ. ‘ಕ್ಯಾನ್ ಹಿಯರ್’, ‘ಕ್ಯಾನ್ ಸ್ಮೆಲ್’, ‘ಕ್ಯಾನ್ ಟೇಸ್ಟ್’, ‘ಕ್ಯಾನ್ ಫೀಲ್’ ಎಂಬ ಉಳಿದ ನಾಲ್ಕು ಇಂದ್ರಿಯಗಳ ಮಾತೂ ಹೀಗೆಯೇ.

ಕನ್ನಡವು ಇದೇ ಸಂಗತಿಯನ್ನು ಬೇರೊಂದು ದಾರಿಯಿಂದ ಹೇಳುತ್ತದೆ. “ನನಗೆ ಬೆಟ್ಟ ಕಾಣುತ್ತದೆ” ಎಂಬ ವಾಕ್ಯದಲ್ಲಿ ಕರ್ತೃ ಯಾವುದು? ಬೆಟ್ಟ. ನಾನು ಚತುರ್ಥೀ ವಿಭಕ್ತಿಯಲ್ಲಿ ಒಂದು ಪಕ್ಕಕ್ಕೆ ನಿಂತಿದ್ದೇನೆ. ಬೆಟ್ಟವೇ ಬಂದು ನನಗೆ ಕಾಣಿಸಿಕೊಳ್ಳುತ್ತದೆ. ನನಗೆ ಹಸಿವಾಗುತ್ತದೆ, ನನಗೆ ಚಳಿಯಾಗುತ್ತದೆ, ನನಗೆ ಸದ್ದು ಕೇಳಿಸುತ್ತದೆ—ನನ್ನ ಇಚ್ಛೆಯನ್ನು ಕೇಳದೆ ನನಗೆ ಒದಗುವುದೆಲ್ಲವೂ ಕನ್ನಡದಲ್ಲಿ ಈ ‘ನನಗೆ’ ಎಂಬ ಬಾಗಿಲಿನಿಂದಲೇ ಬರುತ್ತದೆ. ಇಂಗ್ಲಿಷಿನ ವಾಕ್ಯಕ್ಕೆ ಆ ಬಾಗಿಲಿಲ್ಲ. ಅಲ್ಲಿ ‘ಐ’ ಮುಂದೆ ನಿಲ್ಲಲೇಬೇಕು. ಕೆಲಸ ಮಾಡದವನು ಕೆಲಸ ಮಾಡಿದವನ ಸ್ಥಾನದಲ್ಲಿ ನಿಂತಾಗ, ಅವನು ಮಾಡುತ್ತಿಲ್ಲ, ಅವನ ಇಂದ್ರಿಯಕ್ಕೆ ವಸ್ತು ಎಟುಕಿದೆ ಅಷ್ಟೇ, ಎಂದು ತಿಳಿಸಲು ‘ಕ್ಯಾನ್’ ನೆರವಾಗುತ್ತದೆ. ನಮ್ಮ ಚತುರ್ಥೀ ವಿಭಕ್ತಿ ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಅವರ ‘ಕ್ಯಾನ್’ ಮಾಡುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಇದನ್ನು ಅರಿಯದೆ ನಾವು ಮಾಡುವ ತಪ್ಪೊಂದುಂಟು; ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನ ಕೆಂಪು ಮಸಿಯ ಬಹುಪಾಲು ಅದಕ್ಕೇ ವೆಚ್ಚವಾಗಿದೆ. “ಸದ್ದು ಕೇಳಿಸುತ್ತಿದೆ” ಎಂಬುದನ್ನು ‘ಐ ಆ್ಯಮ್ ಹಿಯರಿಂಗ್ ಎ ಸೌಂಡ್’ ಎಂದು ಬರೆಯುವುದು. ‘ಕೇಳಿಸುತ್ತಿದೆ’ ಎಂಬಲ್ಲಿ ‘ಉತ್ತ’ ಕಂಡೊಡನೆ ‘ಇಂಗ್’ ಹಚ್ಚುವುದು ನಮಗೆ ಸಹಜ. ಆದರೆ ಇಂಗ್ಲಿಷಿನಲ್ಲಿ ‘ಇಂಗ್’ ಸಾಮಾನ್ಯವಾಗಿ ನಡೆಯುತ್ತಿರುವ ಕೆಲಸಕ್ಕೆ ಸಲ್ಲುತ್ತದೆ, ಕೇಳಿಸುವುದು ಕೆಲಸವಲ್ಲ. ಹಾಗೆಂದು ಬರಿದೇ ‘ಐ ಹಿಯರ್ ಎ ಸೌಂಡ್’ ಎಂದರೆ ತಪ್ಪೇ? ತಪ್ಪಲ್ಲ, ಹಾಗೆಯೂ ಹೇಳುವುದುಂಟು. ಆದರೆ ಈ ಕ್ಷಣದಲ್ಲಿ ಬಿಡದೆ ಕೇಳಿಸುತ್ತಿರುವ ಸದ್ದಿಗೆ ‘ಐ ಕ್ಯಾನ್ ಹಿಯರ್ ಎ ಸೌಂಡ್’ ಎಂಬುದೇ ಅವರ ಬಾಯಿಗೆ ಹೆಚ್ಚಾಗಿ ಬರುವ ಮಾತು. ಬೇರೆ ಕ್ರಿಯಾಪದಗಳಿಗೆ ‘ಇಂಗ್’ ಮಾಡುವ ಕೆಲಸವನ್ನು ಇಲ್ಲಿ ‘ಕ್ಯಾನ್’ ವಹಿಸಿಕೊಂಡಿದೆ.

‘ಐ ಹಿಯರ್’ ಎಂಬುದಕ್ಕೆ ಇನ್ನೊಂದು ಬಳಕೆಯೂ ಇದೆ. ‘ಐ ಹಿಯರ್ ಯುವರ್ ಬ್ರದರ್ ಹ್ಯಾಸ್ ಪಾಸ್ಡ್’ ಎಂದರೆ ನಿಮ್ಮ ಅಣ್ಣ ಪಾಸಾದನಂತೆ. ಇಲ್ಲಿ ಕಿವಿಗೆ ಬಿದ್ದುದು ಸದ್ದಲ್ಲ, ಸುದ್ದಿ. ನಾವು ‘ಅಂತೆ’ ಎಂಬ ಒಂದೇ ತುಣುಕಿನಿಂದ ಮಾಡುವ ಕೆಲಸಕ್ಕೆ ಅವರು ಮೊದಲಲ್ಲಿ ‘ಐ ಹಿಯರ್’ ಎಂದು ಸೇರಿಸುತ್ತಾರೆ. ಈ ಅರ್ಥದಲ್ಲಿ ‘ಕ್ಯಾನ್’ ಬರುವುದಿಲ್ಲ. ‘ಐ ಸೀ’ ಎಂದರೂ ಹಾಗೆಯೇ. ಯಾರಾದರೂ ಒಂದು ಸಂಗತಿಯನ್ನು ವಿವರಿಸಿದಾಗ ‘ಐ ಸೀ’ ಎಂದು ತಲೆಯಾಡಿಸಿದರೆ ‘ತಿಳಿಯಿತು’ ಎಂದರ್ಥ. ಕಾಣುವುದಕ್ಕೂ ತಿಳಿಯುವುದಕ್ಕೂ ಇರುವ ಈ ನಂಟು ನಮಗೆ ಹೊಸತಲ್ಲ. “ನಾ ಕಾಣೆ” ಎಂದು ನಾವು ಹೇಳುವಾಗ ಕುರುಡುತನವನ್ನು ಒಪ್ಪಿಕೊಳ್ಳುವುದಿಲ್ಲ. ನನಗೆ ಗೊತ್ತಿಲ್ಲ ಎನ್ನುತ್ತೇವೆ.

ಇನ್ನು ಭೂತಕಾಲಕ್ಕೆ ಬರೋಣ. ಇದಕ್ಕೆ ನಾವು ಈಜಿಪ್ಟ್ ದೇಶದವರೆಗೆ ಹೋಗಬೇಕು. ಲಕ್ಸರ್ ನಗರದ ಬಳಿಯಲ್ಲಿ, ನೈಲ್ ನದಿಯ ಆಚೆಗೆ ‘ರಾಜರ ಕಣಿವೆ’ ಎಂಬ ಸ್ಥಳವಿದೆ. ಪುರಾತನ ಅರಸರ ಗೋರಿಗಳನ್ನು ಅಲ್ಲಿ ಬಂಡೆಯಲ್ಲಿ ಕೊರೆದಿದ್ದಾರೆ. ಹೊವರ್ಡ್ ಕಾರ್ಟರ್ ಎಂಬ ಇಂಗ್ಲಿಷ್ ಪುರಾತತ್ತ್ವಜ್ಞನು ಆ ಕಣಿವೆಯಲ್ಲಿ ಹಲವು ವರ್ಷ ಅಗೆದು, 1922ರ ನವೆಂಬರ್ 4ರಂದು ನೆಲದಡಿಗೆ ಇಳಿಯುವ ಮೆಟ್ಟಿಲೊಂದನ್ನು ಕಂಡನು. ಮೆಟ್ಟಿಲುಗಳ ಕೊನೆಯಲ್ಲಿ ಮುಚ್ಚಿದ ಬಾಗಿಲು; ಅದರಾಚೆ ಕಲ್ಲುಮಣ್ಣು ತುಂಬಿದ ಓಣಿ; ಓಣಿಯ ತುದಿಯಲ್ಲಿ ಎರಡನೆಯ ಬಾಗಿಲು. ನವೆಂಬರ್ 26ರಂದು ಆ ಎರಡನೆಯ ಬಾಗಿಲಿನಲ್ಲಿ ಅವನು ಸಣ್ಣ ಕಿಂಡಿಯೊಂದನ್ನು ಕೊರೆದನು. ಒಳಗೆ ವಿಷಗಾಳಿ ಇದ್ದರೆ ತಿಳಿಯಲೆಂದು ಮೋಂಬತ್ತಿಯನ್ನು ಹಿಡಿದು, ಕಿಂಡಿಗೆ ಮುಖವಿಟ್ಟು ಇಣುಕಿದನು. ಮೂರು ಸಾವಿರಕ್ಕೂ ಹೆಚ್ಚು ವರ್ಷ ಒಳಗೇ ನಿಂತಿದ್ದ ಬಿಸಿಗಾಳಿ ಹೊರನುಗ್ಗಿ ದೀಪದ ಕುಡಿ ಹೊಯ್ದಾಡಿತು. ಮೊದಮೊದಲು ಏನೂ ಕಾಣದು. ಬೆಳಕಿಗೆ ಕಣ್ಣು ಹೊಂದಿಕೊಂಡಂತೆಲ್ಲ ವಿಚಿತ್ರ ಪ್ರಾಣಿಗಳ ಆಕಾರಗಳು, ಪ್ರತಿಮೆಗಳು, ಎಲ್ಲೆಲ್ಲಿಯೂ ಚಿನ್ನದ ಹೊಳಪು ಒಂದೊಂದಾಗಿ ಮೂಡಿದವು. ಕಾರ್ಟರನಿಗೆ ಮಾತೇ ಹೊರಡಲಿಲ್ಲ. ಹಣವೊದಗಿಸಿ ಆ ಕಾರ್ಯವನ್ನು ನಡೆಸುತ್ತಿದ್ದ ಲಾರ್ಡ್ ಕಾರ್ನಾರ್ವನ್ ಹಿಂದೆಯೇ ನಿಂತಿದ್ದನು. ತಡೆಯಲಾರದೆ, ಏನಾದರೂ ಕಾಣುತ್ತಿದೆಯೆ ಎಂದು ಕೇಳಿದನು. ಆ ಗೋರಿ ತುತಂಖಾಮನ್ ಎಂಬ ತರುಣ ದೊರೆಯದು. ಅಲ್ಲಿ ದೊರೆತ ವಸ್ತುಗಳು ಐದು ಸಾವಿರವನ್ನು ಮೀರಿದವು. ಅವನ್ನೆಲ್ಲ ಹೊರತೆಗೆದು ಮುಗಿಸಲು ಸುಮಾರು ಹತ್ತು ವರ್ಷ ಹಿಡಿಯಿತು.

ಕಾರ್ಟರನು ಅಂದಿನ ಸಂಗತಿಯನ್ನು ಬರೆದಿಟ್ಟಿದ್ದಾನೆ. ಕಾರ್ನಾರ್ವನನ ಪ್ರಶ್ನೆ ಅಲ್ಲಿ ‘ಕ್ಯಾನ್’ ಎಂಬ ಪದದಿಂದಲೇ ಆರಂಭವಾಗುತ್ತದೆ. ಕಿಂಡಿಯಲ್ಲಿ ಇಣುಕುತ್ತಿದ್ದವನ ದೃಷ್ಟಿಶಕ್ತಿಯ ವಿಷಯದಲ್ಲಿ ಅವನಿಗೆ ಸಂದೇಹವೇನೂ ಇರಲಿಲ್ಲ; ಒಳಗೆ ಏನಿದೆಯೆಂಬ ಕಾತರ ಮಾತ್ರ ಇತ್ತು. ಶಿಬಿರದ ವೈದ್ಯರ ಪ್ರಶ್ನೆ ಮತ್ತು ಈ ಪ್ರಶ್ನೆ ಒಂದೇ ಅಚ್ಚಿನವು. ಅಂದು ಕಾರ್ಟರನಿಗೆ ನಾನು ದುಭಾಷಿಯಾಗಿರಲಿಲ್ಲ ಎಂಬುದು ಪುರಾತತ್ತ್ವಶಾಸ್ತ್ರದ ಭಾಗ್ಯ.

ಈ ಪ್ರಸಂಗವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಎರಡು ರೂಪಗಳು ಬೇಕಾಗುತ್ತವೆ. ಮೊದಲ ಕೆಲವು ಗಳಿಗೆ ಬರಿಯ ಕತ್ತಲೆ: ‘ಹಿ ಕುಡ್ ನಾಟ್ ಸೀ ಎನಿಥಿಂಗ್’. ಅನಂತರ ಚಿನ್ನದ ಹೊಳಪು ಥಟ್ಟನೆ ಕಣ್ಣಿಗೆ ಬಿದ್ದ ಕ್ಷಣ: ‘ಹಿ ಸಾ ದ ಗೋಲ್ಡ್’. ಬಳಿಕ ಅಲ್ಲಿಯೇ ನಿಂತು ನೋಡುತ್ತಿದ್ದಷ್ಟು ಹೊತ್ತು ಕಾಣುತ್ತಲೇ ಇದ್ದುದು: ‘ಹಿ ಕುಡ್ ಸೀ ದ ಗೋಲ್ಡ್’. ಗಮನಿಸಿ: ‘ಸಾ’ ಎಂಬುದು ಕಣ್ಣಿಗೆ ಬಿದ್ದ ಗಳಿಗೆಯನ್ನು ಹೇಳಬಲ್ಲುದು, ‘ಕುಡ್ ಸೀ’ ಎಂಬುದು ಕಾಣುತ್ತಿದ್ದ ಅವಧಿಯನ್ನು ಹೇಳುತ್ತದೆ. ಕನ್ನಡದಲ್ಲಿ ‘ಕಂಡಿತು’ ಮತ್ತು ‘ಕಾಣುತ್ತಿತ್ತು’ ಎಂದು ನಾವು ಮಾಡುವ ಭೇದ ಬಹುಮಟ್ಟಿಗೆ ಇದೇ. ಆದುದರಿಂದ ‘ಸಡನ್ಲಿ’ ಎಂಬ ಪದ ಬಂದಲ್ಲಿ ‘ಐ ಸಡನ್ಲಿ ಸಾ ಎ ಲೈಟ್’ ಎನ್ನುವುದು ಹೊಂದುತ್ತದೆ. ಅಲ್ಲಿ ‘ಕುಡ್’ ಹಾಕಿದರೆ ಕಿವಿಗೆ ಒಪ್ಪುವುದಿಲ್ಲ.

ಈ ಎರಡು ಬಗೆಯ ಕಾಣುವಿಕೆಯನ್ನು ಕುರಿತು ತತ್ತ್ವಜ್ಞಾನಿಗಳೂ ಚಿಂತಿಸಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ಗಿಲ್ಬರ್ಟ್ ರೈಲ್ ಎಂಬ ಆಕ್ಸ್‌ಫರ್ಡಿನ ಪ್ರಾಧ್ಯಾಪಕರು 1949ರಲ್ಲಿ ಪ್ರಕಟಿಸಿದ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಎಂಬ ಗ್ರಂಥದಲ್ಲಿ, ಕಾಣುವುದನ್ನು ಪಂದ್ಯದಲ್ಲಿ ಗೆಲ್ಲುವುದಕ್ಕೆ ಹೋಲುವ ಮಾತುಗಳ ಗುಂಪಿಗೆ ಸೇರಿಸಿದರು. ಓಡುವುದು ಒಂದು ಕೆಲಸ. ಗೆಲ್ಲುವುದು ಆ ಕೆಲಸದ ಜೊತೆಗೆ ಮಾಡುವ ಇನ್ನೊಂದು ಕೆಲಸವಲ್ಲ, ಅದರ ಫಲ. ನೋಡುವುದಕ್ಕೂ ಕಾಣುವುದಕ್ಕೂ ಸಂಬಂಧ ಹೀಗೆಯೇ ಇದೆ. 1957ರಲ್ಲಿ ಜೀನೊ ವೆಂಡ್ಲರ್ ಎಂಬ ಇನ್ನೊಬ್ಬ ಚಿಂತಕರು, ಅಷ್ಟು ಹೇಳಿದರೆ ಸಾಲದು, ಕಾಣುವುದು ಕಣ್ಣಿಗೆ ಬಿದ್ದ ಕ್ಷಣವೂ ಹೌದು, ಬಿದ್ದ ಮೇಲೆ ಉಳಿದುಕೊಳ್ಳುವ ಸ್ಥಿತಿಯೂ ಹೌದು ಎಂದು ತೋರಿಸಿದರು. ವಾದ ಸೂಕ್ಷ್ಮವಾದುದು, ಕಾಲೇಜಿಗೆ ಹೋದಮೇಲೆ ಬೇಕಾದರೆ ಓದಿಕೊಳ್ಳಿ. ‘ಸಾ’ ಮತ್ತು ‘ಕುಡ್ ಸೀ’ ಎಂಬ ನಮ್ಮ ಭೇದಕ್ಕೆ ಅಲ್ಲಿ ಬೆಂಬಲವಿದೆ ಎಂಬಷ್ಟು ಸದ್ಯಕ್ಕೆ ಸಾಕು.

‘ಕುಡ್’ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ನೀವು ಓಡಿಹೋಗಿ ಹೇಗೋ ಬಸ್ಸು ಹಿಡಿದಿರಿ. ಇದನ್ನು ‘ಐ ಕುಡ್ ಕ್ಯಾಚ್ ದ ಬಸ್’ ಎಂದು ಬರೆದರೆ ಇಂಗ್ಲಿಷ್ ಬಲ್ಲವರು ಒಪ್ಪುವುದಿಲ್ಲ. ಒಂದೇ ಸಲ ಸಾಧಿಸಿದ ಕೆಲಸಕ್ಕೆ ‘ಐ ವಾಸ್ ಏಬಲ್ ಟು ಕ್ಯಾಚ್ ದ ಬಸ್’ ಎನ್ನಬೇಕು, ಇಲ್ಲವೆ ‘ಐ ಕಾಟ್ ದ ಬಸ್’ ಎಂದರೆ ಸಾಕು. ಆದರೆ ‘ಐ ಕುಡ್ ಸೀ ದ ಬಸ್’ ಎಂಬುದು, ಒಂದೇ ಸಲ ಕಂಡದ್ದಾದರೂ, ನಿರ್ದುಷ್ಟವಾದ ವಾಕ್ಯ. ಹಿಡಿಯುವುದಕ್ಕೆ ಇಲ್ಲದ ರಿಯಾಯಿತಿ ಕಾಣುವುದಕ್ಕೆ ಏಕೆ? ಮೇಲೆ ಹೇಳಿದ ಕಾರಣಕ್ಕೇ. ಹಿಡಿಯುವಲ್ಲಿ ಶಕ್ತಿಗೂ ಕೆಲಸಕ್ಕೂ ಅಂತರವಿದೆ, ಕಾಣುವಲ್ಲಿ ಇಲ್ಲ.

ಕಣ್ಣು ಕಿವಿಗಳಿಗೆ ಇಂಗ್ಲಿಷಿನಲ್ಲಿ ಎರಡೆರಡು ಪದಗಳಿವೆಯಷ್ಟೆ. ಮೂಗು, ನಾಲಗೆ, ಚರ್ಮಗಳಿಗೆ ಈ ಭಾಗ್ಯವಿಲ್ಲ. ‘ಟೇಸ್ಟ್’ ಎಂಬ ಒಂದೇ ಪದ ಮೂರು ಮನೆಗಳಲ್ಲಿ ದುಡಿಯಬೇಕು. ಅಡಿಗೆಯವನು ಸೌಟಿನಿಂದ ಒಂದು ತೊಟ್ಟು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಿದ್ದರೆ ‘ಹಿ ಈಸ್ ಟೇಸ್ಟಿಂಗ್ ದ ರಸಮ್’. ಇಲ್ಲಿ ‘ಇಂಗ್’ ಬರಬೇಕು, ಏಕೆಂದರೆ ರುಚಿ ನೋಡುವುದು ಬುದ್ಧಿಪೂರ್ವಕವಾದ ಕೆಲಸ. ಬಾಯಿಗೆ ಹಾಕಿಕೊಂಡವನ ನಾಲಗೆಗೆ ಉಪ್ಪು ಹತ್ತಿದರೆ ‘ಐ ಕ್ಯಾನ್ ಟೇಸ್ಟ್ ಸಾಲ್ಟ್’. ಸಾರಿನ ಗುಣವನ್ನೇ ಹೇಳಬೇಕಾದರೆ ‘ದ ರಸಮ್ ಟೇಸ್ಟ್ಸ್ ಸಾಲ್ಟಿ’. ಇಲ್ಲಿ ಸಾರೇ ಕರ್ತೃ, ‘ಕ್ಯಾನ್’ ಬೇಡ, ‘ಇಂಗ್’ ಕೂಡ ಬೇಡ. ‘ಸ್ಮೆಲ್’ ಮತ್ತು ‘ಫೀಲ್’ ಪದಗಳನ್ನು ಇದೇ ಮೂರು ಮನೆಗಳಲ್ಲಿ ಇಟ್ಟು ನೀವೇ ವಾಕ್ಯ ರಚಿಸಿ ನೋಡಬಹುದು.

ಮೂಗಿನ ಮಾತು ಬಂದುದರಿಂದ ಒಂದು ವಿಷಯ. ಅಡಿಗೆಮನೆಯ ಸಿಲಿಂಡರಿನಲ್ಲಿ ಬರುವ ಅನಿಲಕ್ಕೆ ತನ್ನದೇ ಆದ ವಾಸನೆ ಹೆಚ್ಚುಕಡಮೆ ಇಲ್ಲವೆಂದೇ ಹೇಳಬೇಕು. ಸೋರಿದರೆ ತಿಳಿಯಲೆಂದು ‘ಈಥೈಲ್ ಮರ್ಕ್ಯಾಪ್ಟನ್’ ಎಂಬ ದುರ್ಗಂಧದ ವಸ್ತುವನ್ನು ಅದಕ್ಕೆ ಬೆರೆಸಿರುತ್ತಾರೆ. ಆ ವಾಸನೆ ಬಂದಾಗ ಕನ್ನಡದವರು “ಗ್ಯಾಸಿನ ವಾಸನೆ ಬರುತ್ತಿದೆ” ಎನ್ನುತ್ತಾರೆ, ಇಂಗ್ಲಿಷಿನವರು ‘ಐ ಕ್ಯಾನ್ ಸ್ಮೆಲ್ ಗ್ಯಾಸ್’ ಎನ್ನುತ್ತಾರೆ. ಅಲ್ಲಿಯೂ ಇಲ್ಲಿಯೂ ಅದು ಎಚ್ಚರಿಕೆ. ‘ಐ ಆ್ಯಮ್ ಸ್ಮೆಲಿಂಗ್ ಗ್ಯಾಸ್’ ಎಂದರೆ ಕೊಳವೆಗೆ ಮೂಗು ಹಚ್ಚಿ ಮೂಸುತ್ತಿದ್ದೇನೆ ಎಂಬ ಅರ್ಥ ಹೊಳೆದು, ಎಚ್ಚರಿಕೆ ಹೋಗಿ ನಗೆಗೆ ಎಡೆಯಾಗಬಹುದು.

ಹಾಗಾದರೆ ಇಂದ್ರಿಯಗಳ ವಿಷಯದಲ್ಲಿ ‘ಕ್ಯಾನ್’ ಎಂದೂ ಶಕ್ತಿಯನ್ನು ಹೇಳುವುದೇ ಇಲ್ಲವೆ? ಹೇಳುವುದುಂಟು. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ‘ಡಾಗ್ಸ್ ಕ್ಯಾನ್ ಹಿಯರ್ ಸೌಂಡ್ಸ್ ದಟ್ ವಿ ಕೆನಾಟ್’ ಎಂದಾಗ ನಾಯಿಯ ಜಾತಿಗೇ ಸಹಜವಾದ ಶಕ್ತಿಯನ್ನು ಹೇಳಿದಂತಾಯಿತು. ಎಲ್ಲ ನಾಯಿಗಳಿಗೂ ಈ ಗಳಿಗೆಯಲ್ಲಿ ಏನೋ ಕೇಳಿಸುತ್ತಿದೆ ಎಂದಲ್ಲ. ‘ಶಿ ಕ್ಯಾನ್ ಸೀ ವೆಲ್ ಆಫ್ಟರ್ ದಿ ಆಪರೇಷನ್’ ಎಂಬುದೂ ಶಕ್ತಿಯ ಮಾತೇ. ಒಂದು ನಿರ್ದಿಷ್ಟ ವಸ್ತು, ಒಂದು ನಿರ್ದಿಷ್ಟ ಸಂದರ್ಭ ಇದ್ದರೆ ‘ಕ್ಯಾನ್’ ಆ ಕ್ಷಣದ ಅನುಭವವನ್ನು ಹೇಳುತ್ತದೆ. ಅವೆರಡೂ ಇಲ್ಲದೆ ಸಾಮಾನ್ಯವಾಗಿ ಹೇಳಿದರೆ ಶಕ್ತಿಯನ್ನು ಹೇಳುತ್ತದೆ. ಗೊಂದಲವಾದಲ್ಲಿ ಮುಂದಿನ ಹಿಂದಿನ ಮಾತನ್ನು ನೋಡಿ ನಿರ್ಧರಿಸಬೇಕೇ ಹೊರತು ಬೇರೆ ಉಪಾಯವಿಲ್ಲ.

‘ಕ್ಯಾನ್’ ಪದದ ಪೂರ್ವಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ನನ್ನಂಥ ಕನ್ನಡದ ಮೇಷ್ಟರಿಗೆ ಸಮಾಧಾನವಾಗದು. ಪ್ರಾಚೀನ ಇಂಗ್ಲಿಷಿನಲ್ಲಿ ‘ಕುನ್ನನ್’ ಎಂಬ ಕ್ರಿಯಾಪದವಿತ್ತು. ಅರ್ಥ, ತಿಳಿ ಎಂದು. ಹೇಗೆ ಮಾಡಬೇಕೆಂದು ತಿಳಿದವನೇ ಮಾಡಬಲ್ಲವನು. ಹೀಗೆ ತಿಳಿವಿನ ಪದ ಶಕ್ತಿಯ ಪದವಾಯಿತು. ನಮ್ಮ ‘ಬಲ್ಲ’ ಏನು ಮಾಡಿದೆ ನೋಡಿ. “ಆಕೆ ಸಂಸ್ಕೃತ ಬಲ್ಲಳು” ಎಂದರೆ ತಿಳಿದಿದ್ದಾಳೆ. “ಆಕೆ ಈಜಬಲ್ಲಳು” ಎಂದರೆ ಶಕ್ತಳು. ಸಾವಿರಾರು ಮೈಲಿ ದೂರದ, ಬೇರೆ ಕುಲದ ಎರಡು ಭಾಷೆಗಳು ಒಂದೇ ಹಾದಿಯನ್ನು ಹಿಡಿದಿವೆ. ಇನ್ನೂ ಒಂದು ಸಾಮ್ಯವಿದೆ. ‘ಹಿ ಸ್ವಿಮ್ಸ್’ ಎಂಬಂತೆ ‘ಹಿ ಕ್ಯಾನ್ಸ್’ ಎಂದು ಆಗುವುದಿಲ್ಲ. ‘ಕ್ಯಾನ್’ ಎಂಬುದು ಮೂಲತಃ ಭೂತಕಾಲದ ಅಚ್ಚಿನಲ್ಲಿದ್ದು ವರ್ತಮಾನಕ್ಕೆ ಬಳಕೆಯಾದ ರೂಪವಾದ್ದರಿಂದ ಆ ‘ಎಸ್’ ಅದಕ್ಕೆ ಹತ್ತಲಿಲ್ಲ. ನಮ್ಮ ‘ಬಲ್ಲ’ ಕೂಡ ಎಲ್ಲ ಕಾಲಗಳಲ್ಲಿ ನಡೆಯುವುದಿಲ್ಲ. ‘ಬಲ್ಲುತ್ತಾನೆ’ ಎಂದು ಯಾರಾದರೂ ಹೇಳುವುದುಂಟೆ? ‘ಕುಡ್’ ಪದದಲ್ಲಿ ಉಚ್ಚಾರವಿಲ್ಲದೆ ನಿಂತಿರುವ ‘ಎಲ್’ ಅಕ್ಷರವಂತೂ ಎರವಲು. ‘ವುಡ್’, ‘ಶುಡ್’ ಪದಗಳಿಗೆ ‘ವಿಲ್’, ‘ಶಲ್’ ಎಂಬ ಮೂಲಗಳಿಂದ ‘ಎಲ್’ ನ್ಯಾಯವಾಗಿ ಬಂದಿತು. ‘ಕುಡ್’ ನೆರೆಮನೆಯವರನ್ನು ನೋಡಿ ತಾನೂ ತೊಟ್ಟುಕೊಂಡಿತು.

ಉಳಿದ ಸಹಾಯಕ ಕ್ರಿಯಾಪದಗಳು ಇಂದ್ರಿಯದ ಮಾತಿನೊಡನೆ ಬಂದಾಗ ಇಷ್ಟು ತೊಡಕಿಲ್ಲ. ‘ಯು ವಿಲ್ ಫೀಲ್ ಎ ಲಿಟ್ಲ್ ಪೇನ್’ ಎಂದರೆ ಸ್ವಲ್ಪ ನೋವಾಗುತ್ತದೆ; ‘ಯು ಶುಡ್ ಸೀ ದ ಗಾರ್ಡನ್’ ಎಂದರೆ ತೋಟವನ್ನು ನೀವು ನೋಡಬೇಕು. ‘ಮೇ’ ಮತ್ತು ‘ಮಸ್ಟ್’ ಮಾತ್ರ ಒಂದೆಡೆ ಎಚ್ಚರ ಬೇಡುತ್ತವೆ. ನ್ಯಾಯಾಲಯದಲ್ಲಿ ಸಾಕ್ಷಿಯೊಬ್ಬನು ನಿಂತಿದ್ದಾನೆಂದು ಭಾವಿಸಿ. ಅವನು ‘ಐ ಸಾ ಹಿಮ್’ ಎಂದರೆ ಕಂಡೆ ಎಂದಾಯಿತು. ‘ಐ ಕುಡ್ ಸೀ ಹಿಮ್’ ಎಂದರೂ ಕಂಡದ್ದೇ, ಆ ಹೊತ್ತೆಲ್ಲ ಕಾಣುತ್ತಿದ್ದ ಎಂಬುದು ವಿಶೇಷ. ‘ಐ ಮೇ ಹ್ಯಾವ್ ಸೀನ್ ಹಿಮ್’ ಎಂದರೆ ಕಂಡಿರಬಹುದು. ‘ಐ ಮಸ್ಟ್ ಹ್ಯಾವ್ ಸೀನ್ ಹಿಮ್’ ಎಂದರೋ, ಮಾತು ಎಲ್ಲಕ್ಕಿಂತ ಬಿಗಿಯಾಗಿ ತೋರಿದರೂ ಅದರಲ್ಲಿ ಕಂಡ ನೆನಪೇ ಇಲ್ಲ. ಅದೇ ದಾರಿಯಲ್ಲಿ ಬಂದೆನಾದ್ದರಿಂದ ಕಂಡಿರಬೇಕು ಎಂಬ ಊಹೆ ಮಾತ್ರ ಇದೆ. ‘ಮಸ್ಟ್’ ಎಂಬುದನ್ನು ಕಡ್ಡಾಯವೆಂದಷ್ಟೇ ಕಲಿತವನು ಅನುವಾದಕನಾಗಿ ನಿಂತರೆ ಅಲ್ಲಿ ಒಬ್ಬ ಮನುಷ್ಯನ ಬಾಳೇ ಏರುಪೇರಾದೀತು.

ದೂರವಾಣಿಯಲ್ಲಿ ಈ ‘ಕ್ಯಾನ್’ ಕೇಳಿಬರುವಷ್ಟು ಪ್ರಾಯಶಃ ಬೇರೆಲ್ಲಿಯೂ ಕೇಳಿಬರುವುದಿಲ್ಲ. 1876ರ ಮಾರ್ಚ್ 10ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ತನ್ನ ಯಂತ್ರದ ಮೂಲಕ ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ನನನ್ನು, ನಿನ್ನನ್ನು ಕಾಣಬೇಕಾಗಿದೆ ಬಾ ಎಂದು ಕರೆದನು. ಅಲ್ಲಿಯ ‘ಸೀ’ ಎಂದರೆ ಭೇಟಿಯಾಗು. “ಮುಖ್ಯೋಪಾಧ್ಯಾಯರನ್ನು ಕಾಣಬೇಕು” ಎಂದು ನಾವು ಹೇಳುವ ಕಾಣು. ವಾಟ್ಸನ್ ಬಂದು ಮಾತು ಕೇಳಿಸಿತೆಂದೂ ಅರ್ಥವಾಯಿತೆಂದೂ ತಿಳಿಸಿದನು. ಆ ದಿನದಿಂದ ಈ ದಿನದವರೆಗೆ ತಂತಿಯ ಎರಡು ತುದಿಗಳಲ್ಲಿಯೂ ಜನ ‘ಕ್ಯಾನ್ ಯು ಹಿಯರ್ ಮಿ?’ ಎಂದು ಕೂಗುತ್ತಲೇ ಇದ್ದಾರೆ.

2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿನಲ್ಲಿ ನಡೆದಾಗ ಆ ಪ್ರಶ್ನೆ ನಮ್ಮ ಮನೆಯೊಳಕ್ಕೂ ಬಂದಿತು. ಆದರೆ ವೇಷ ಬದಲಿಸಿಕೊಂಡು. ಮೊಮ್ಮಗಳ ಪಾಠ ನಡೆಯುವಾಗ ಪಕ್ಕದ ಕೋಣೆಯಲ್ಲಿ ಕುಳಿತು ನಾನು ಕಿವಿಗೊಟ್ಟಿದ್ದೇನೆ. ಅಧ್ಯಾಪಕಿಯೊಬ್ಬರು ಪ್ರತಿದಿನವೂ ‘ಆ್ಯಮ್ ಐ ಆಡಿಬಲ್?’ ಎಂದು ಆರಂಭಿಸುತ್ತಿದ್ದರು. ಮತ್ತೊಬ್ಬರು ‘ಆರ್ ಯು ಹಿಯರಿಂಗ್ ಮಿ?’ ಎನ್ನುತ್ತಿದ್ದರು. ಎರಡನೆಯದನ್ನು ತಿದ್ದಲು ನನ್ನ ಕೈ ಕೆಂಪು ಲೇಖನಿಯನ್ನು ಹುಡುಕಿತು. ಮೊದಲನೆಯದರಲ್ಲಿ ವ್ಯಾಕರಣದೋಷವಿಲ್ಲ, ಇಂಗ್ಲಿಷ್ ಮನೆಮಾತಿನವರು ಅಪರೂಪವಾಗಿ ಮಾತ್ರ ಹಾಗೆ ಕೇಳುತ್ತಾರೆ, ಅಷ್ಟೇ. ಅದರ ಒಳಗೆ ಇಣುಕಿದರೆ “ನನ್ನ ದನಿ ಕೇಳಿಸುತ್ತಿದೆಯೇ?” ಎಂಬ ನಮ್ಮದೇ ವಾಕ್ಯ ಕುಳಿತಿದೆ: ಕೇಳುವವನನ್ನು ಪಕ್ಕಕ್ಕೆ ಸರಿಸಿ, ಕೇಳಿಸುವ ದನಿಯನ್ನು ಮುಂದೆ ತಂದ ವಾಕ್ಯ. ಹಳ್ಳಿಯ ಶಿಬಿರದಲ್ಲಿ ಆ ಪರಿಚಾರಕರು ಅಜ್ಜಿಯನ್ನು ಕೇಳಿದ್ದೂ ಇದೇ ಅಚ್ಚಿನ ಪ್ರಶ್ನೆಯನ್ನು. ಆದ್ದರಿಂದ ಅದನ್ನು ನಾನು ತಿದ್ದಲಿಲ್ಲ. ‘ಆ್ಯಮ್ ಐ ಆಡಿಬಲ್?’ ಎಂಬ ಆ ಪ್ರಶ್ನೆಗೆ ಮೊಮ್ಮಗಳು ‘ಯೆಸ್ ಮಿಸ್, ಐ ಕ್ಯಾನ್ ಹಿಯರ್ ಯು’ ಎಂದು ಉತ್ತರ ಕೊಟ್ಟಳು.